ಹೆಸರು ಬಿಟ್ಟ ಹಂಗಾಮು

ಹೋದ ಚಳಿಗಾಲದ ಒಂದು ಮುಂಜಾನೆ ನಾನು ಹಾವೇರಿಯ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನನ್ನ ಹೆಂಡತಿ ನೀಲಾ ಇದ್ದಳು. ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಸಣ್ಣ ಆಪರೇಷನ್ನು, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಎರಡನೆಯ ಸಲ ಹೇಳಿದ್ದರಿಂದಲೇ ನನಗೆ ಹೆದರಿಕೆ ಶುರುವಾಯಿತು.

ನನ್ನದು ಯಂತ್ರ ಕಾಯುವ ಕೆಲಸ. ಒಳಗೆ ಏನಾಗುತ್ತಿದೆ ಎಂಬುದು ಹೊರಗಿನ ಮೀಟರಿನ ಮುಳ್ಳಿನಲ್ಲಿ ಕಾಣುತ್ತದೆ ಎಂಬ ನಂಬಿಕೆಯ ಮೇಲೆಯೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಆ ಬಾಗಿಲಿಗೆ ಮುಳ್ಳಿರಲಿಲ್ಲ. ಮೇಲೆ ಒಂದು ಕೆಂಪು ದೀಪವಿತ್ತು. ಅದು ಉರಿಯುತ್ತಿತ್ತು, ಅಷ್ಟೆ.

ಬೆಳಿಗ್ಗೆ ದಾಖಲು ಮಾಡಿಕೊಳ್ಳುವಾಗ ನರ್ಸು ನೀಲಾಳಿಗೆ ಗಂಡನ ಹೆಸರು ಕೇಳಿದ್ದಳು. ನೀಲಾ ನನ್ನ ಕಡೆ ನೋಡಿ, "ಅವರ ಹೇಳ್ತಾರ್ರಿ" ಎಂದಳು. ನರ್ಸಿಗೆ ನಗು ಬಂತು. "ಏನಕ್ಕಾರ, ಇನ್ನೂ ಇದನ್ನ ನಡಸೀರಲ್ಲ" ಎಂದಳು. ನನ್ನ ಹೆಸರನ್ನು ನಾನೇ ಬರೆಸಿದೆ. ಒಳಗೆ ಹೋಗುವಾಗ ನೀಲಾ ಕಿವಿಯೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಆಗ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಅವಳ ಮೈದುನನಿಗೆ ಕಾಲಿನ ಆಪರೇಷನ್ ಇತ್ತಂತೆ. ಸೆರಗು ಸರಿಮಾಡಿಕೊಂಡಾಗ ಒಂದು ವಾಸನೆ ಬಂತು. ಮೊದಲು ಮೂಗಿಗೆ ಬೆಲ್ಲದ ಹಾಗೆ ಸಿಹಿ, ಹಿಂದಿನಿಂದ ಗಂಟಲಿಗೆ ಘಾಟು.

"ಬ್ಯಾಡಗಿಯವರೇನ್ರಿ?" ಎಂದೆ.

"ಹೌದ್ರಿ. ಹೆಂಗ ಗೊತ್ತಾತು?" ಎಂದವಳು, ತಾನೇ ತಿಳಿದುಕೊಂಡು ಸೆರಗನ್ನು ಒತ್ತಿ ಹಿಡಿದಳು. "ಎಷ್ಟ ತೊಳದ್ರೂ ಹೋಗಂಗಿಲ್ರಿ ಇದು. ಮೆಣಸಿನಕಾಯಿ ಕೆಲಸ ನೋಡ್ರಿ ನಮ್ದು."

"ಹೋಗೂದ ಬ್ಯಾಡ ಬಿಡ್ರಿ" ಎಂದೆ. ಅವಳು ನನ್ನನ್ನು ಒಂಥರಾ ನೋಡಿದಳು. ನಾನು ಮತ್ತೆ ಬಾಗಿಲ ಕಡೆ ತಿರುಗಿದೆ. ಆದರೆ ಆ ವಾಸನೆ ನನ್ನನ್ನು ಆಗಲೇ ಎರಡು ಸಾವಿರದ ಮೂರನೆಯ ಇಸವಿಯ ಹಂಗಾಮಿಗೆ ಎಳೆದುಕೊಂಡು ಹೋಗಿತ್ತು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಕೆಲಸಕ್ಕೆ ಸೇರಿದೆ. ರಾಣೆಬೆನ್ನೂರಿನಲ್ಲಿ ಐಟಿಐ ಮುಗಿಸಿ, ಕೆಲಕಾಲ ಅವರಿವರ ಮನೆಯ ಫ್ರಿಜ್ಜು ರಿಪೇರಿ ಮಾಡಿಕೊಂಡಿದ್ದವನು. ಕಂಪ್ರೆಸರ್ ನೋಡಿಕೊಳ್ಳುವುದು, ಅಮೋನಿಯಾದ ಒತ್ತಡ ನೋಡುವುದು, ಒಳಗಿನ ಥಂಡಿ ಏರದಂತೆ ಇಳಿಯದಂತೆ ಕಾಯುವುದು, ಇಷ್ಟು ನನ್ನ ಪಾಲಿನ ಕೆಲಸ. ಯಂತ್ರದ ಕೋಣೆಯ ಪಕ್ಕದಲ್ಲೇ ಮಲಗಲು ಒಂದು ಚಿಕ್ಕ ಕೋಣೆ ಕೊಟ್ಟಿದ್ದರು. ರವಿವಾರ ಮಾತ್ರ ಮನೆಗೆ, ರಾಣೆಬೆನ್ನೂರಿಗೆ ಹೋಗುತ್ತಿದ್ದೆ.

ಹಂಗಾಮೆಂದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಕೆಂಪಾಗುವ ಕಾಲ. ಸೋಮವಾರ, ಗುರುವಾರ ಮಾರುಕಟ್ಟೆಗೆ ಬಂದ ಚೀಲಗಳಲ್ಲಿ ಒಂದಷ್ಟು ನಮ್ಮಲ್ಲಿಗೆ ಬರುತ್ತಿದ್ದವು. ಕಟ್ಟಡದ ಪಕ್ಕದಲ್ಲಿ ತಗಡಿನ ಒಂದು ಉದ್ದನೆಯ ಚಪ್ಪರ. ಅದರ ನೆರಳಿನಲ್ಲಿ ಮೆಣಸಿನಕಾಯಿ ರಾಶಿ ಹಾಕಿ, ಸುತ್ತ ಹೆಂಗಸರು ಕೂತು ತೊಟ್ಟು ಮುರಿಯುತ್ತಿದ್ದರು. ಅವರು ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಿದ್ದರು. ಗಿಡ್ಡಗೆ ದುಂಡಗಿರುವ ಡಬ್ಬಿ ಕಾಯಿಯಾದರೆ ತೊಟ್ಟು ಮುರಿದಾಗ ಚಟ್ ಎಂಬ ಸಣ್ಣ ಸದ್ದು. ಹೆಂಗಸರೆಲ್ಲ ಒಟ್ಟಿಗೆ ಕೂತಾಗ ಆ ಸದ್ದು ತಗಡಿನ ಮೇಲೆ ದೂರದಿಂದ ಬರುವ ಹನಿ ಮಳೆಯ ಹಾಗೆ ಕೇಳುತ್ತಿತ್ತು.

ಮೊದಲ ದಿನಗಳಲ್ಲಿ ನಾನು ಸೀನಿದ್ದೇ ಸೀನಿದ್ದು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಹೆಂಗಸರಿಗೆ ಅದೊಂದು ಮೋಜು.

"ಏ ಥಂಡಿ ಸಾಹೇಬ್ರ, ಒಳಗ ಹೋಗಿ ಬಾಗಿಲಾ ಹಾಕ್ಕೊಳ್ರಿ. ಮೆಣಸಿನಕಾಯಿಗೆ ನಿಮ್ಮ ಗುರುತಾಗೂತನಕ ಹಿಂಗ."

ಹಾಗೆ ಕೂಗಿದವರು ಮಾಬೂಬಿ. ಬ್ಯಾಡಗಿಯವರೇ, ವಯಸ್ಸಾದವರು, ಆ ಚಪ್ಪರದ ಹಿರಿತನ ಅವರದು. ಎಲ್ಲರೂ ಅವರನ್ನು ಮಾಬೂಬಜ್ಜಿ ಎನ್ನುತ್ತಿದ್ದರು. ಅವರ ಬಲಕ್ಕೆ ದಿನವೂ ಒಬ್ಬಳು ಹುಡುಗಿ ಕೂರುತ್ತಿದ್ದಳು. ಕದರಮಂಡಲಗಿಯಿಂದ ಟೆಂಪೋದಲ್ಲಿ ಬರುವ ಹೆಂಗಸರ ಜೊತೆ ಬರುತ್ತಿದ್ದಳು. ಅವಳೇ ನೀಲಾ. ಚಪ್ಪರದಲ್ಲಿ ಕತೆ ಹೇಳುವ ಕೆಲಸ ಅವಳದು. ಕತೆ ನಡೆದಾಗ ಯಾರೂ ಹರಟುವುದಿಲ್ಲ, ಏಳುವುದಿಲ್ಲ, ಕೈಗಳು ಮಾತ್ರ ಓಡುತ್ತಿರುತ್ತವೆ ಎಂದು ನಮ್ಮ ಮಾಲಕರೂ ಬೇಡವೆನ್ನುತ್ತಿರಲಿಲ್ಲ. ಕತೆಯಲ್ಲಿ ಕುದುರೆ ಓಡಿದರೆ ಕೈಗಳೂ ಓಡುತ್ತಿದ್ದವು. ಯಾರಾದರೂ ಸತ್ತರೆ ಮಾತ್ರ ಚಟ್ ಚಟ್ ಸದ್ದು ನಿಧಾನವಾಗುತ್ತಿತ್ತು. "ಏ ಹುಡುಗಿ, ಇವತ್ತ ಯಾರನ್ನೂ ಸಾಯಸಬ್ಯಾಡವಾ, ರಾಶಿ ಬಾಳ ಐತಿ" ಎಂದು ಮಾಬೂಬಜ್ಜಿ ಮೊದಲೇ ಹೇಳಿಬಿಡುತ್ತಿದ್ದರು.

ಪ್ರತಿ ಕತೆಯನ್ನೂ ನೀಲಾ ತನ್ನ ಊರಿನ ಆಂಜನೇಯನ ಹೆಸರಿನಿಂದಲೇ ಶುರುಮಾಡುತ್ತಿದ್ದಳು. "ಕಾಂತೇಶನ ಪಾದಕ್ಕ ಶರಣು, ಕೇಳವರ ಕಿವಿಗೆ ಶರಣು." ಆಮೇಲೆ ಕತೆ. ಕತೆಗೆ ಒಂದು ಕಟ್ಟಳೆ ಇತ್ತು. ಒಬ್ಬರು ಹ್ಞೂಂ ಅನ್ನಲೇಬೇಕು. ಹ್ಞೂಂ ಅನ್ನುವವರಿಲ್ಲದೆ ಹೇಳಿದ ಕತೆ ದಾರಿ ತಪ್ಪಿ ಅಡವಿಗೆ ಹೋಗುತ್ತದೆ ಎಂದು ಅವರೆಲ್ಲ ನಂಬಿದ್ದರು. ಆ ಹ್ಞೂಂ ಮಾಬೂಬಜ್ಜಿಯದು. ನಾನು ಯಂತ್ರದ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳುತ್ತಿದ್ದೆ. ಅಜ್ಜಿಯ ಹ್ಞೂಂಗಳಲ್ಲಿ ಎಷ್ಟೊಂದು ಬಗೆ ಇದ್ದವು. ಮುಂದೆ ಹೇಳು ಎನ್ನುವ ಹ್ಞೂಂ. ಹಿಂಗಾಗಬಾರದಿತ್ತು ಎನ್ನುವ ಹ್ಞೂಂ. ನನಗಿದು ಮೊದಲೇ ಗೊತ್ತಿತ್ತು ಎನ್ನುವ ಚಿಕ್ಕ ಹ್ಞೂಂ.

ಒಂದು ದಿನ ಮಾಬೂಬಜ್ಜಿ ಬರಲಿಲ್ಲ. ಐರಣಿಗೆ ಕೊಟ್ಟಿದ್ದ ಅವರ ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು, ಹೆರಿಗೆಗೆ ಜೊತೆಯಿರಲು ಹೋಗಿದ್ದರು. ನೀಲಾ ಬಾವಿಯಲ್ಲಿ ಬಳೆ ಬೀಳಿಸಿಕೊಂಡ ಹುಡುಗಿಯ ಕತೆ ಶುರುಮಾಡಿದ್ದಳು. ಆ ಬಾವಿಯಿಂದ ಯಾರು ನೀರು ಸೇದಿದರೂ ಕೊಡದೊಳಗೆ ಬಳೆಯ ಸದ್ದು ಕೇಳುತ್ತದೆ, ಆದರೆ ಬಳೆ ಸಿಗುವುದಿಲ್ಲ. ಅಷ್ಟಕ್ಕೆ ಬಂದು ನೀಲಾ ತಡೆದಳು. ಹ್ಞೂಂ ಇಲ್ಲ. ಅಲ್ಲೊಬ್ಬಳು ಇಲ್ಲೊಬ್ಬಳು ಅಂದ ಹ್ಞೂಂ ಅವಳಿಗೆ ಸಾಲಲಿಲ್ಲ.

"ನಾ ಹೇಳಂಗಿಲ್ಲವಾ. ಅಜ್ಜಿ ಬರ್ಲಿ" ಎಂದಳು.

ನನಗೆ ಆ ಬಳೆಯ ಗತಿ ತಿಳಿಯಲೇಬೇಕಾಗಿತ್ತು. ಬಾಗಿಲಿನಿಂದಲೇ "ಹ್ಞೂಂ" ಎಂದೆ.

ಚಪ್ಪರವೆಲ್ಲ ನಕ್ಕಿತು. ನೀಲಾ ನಗಲಿಲ್ಲ. ನನ್ನ ಕಡೆ ನೋಡಿ, ಸ್ವಲ್ಪ ಯೋಚಿಸಿ, ಕತೆ ಮುಂದುವರಿಸಿದಳು. ಎರಡು ಮಾತು ಹೇಳುವುದರೊಳಗೆ ನಾನು ಮತ್ತೆ ಹ್ಞೂಂ ಎಂದೆ.

"ಮಾತು ಇನ್ನೂ ಮುಗಿದಿಲ್ರಿ. ನಡುವ ಹ್ಞೂಂ ಅಂದ್ರ ಹೆಂಗ್ರಿ? ಬಾವಿಗೆ ಹಗ್ಗಾ ಬಿಡಾಕ ಬಿಡ್ರಿ ಮೊದಲ."

"ಹ್ಞೂಂ" ಎಂದೆ.

"ಈಗ ಅಂದಿದ್ದು ಯಾತಕ್ಕ?" ಎಂದು ಕೇಳಿದಳು. ಮತ್ತೆ ಎಲ್ಲರೂ ನಕ್ಕರು.

ಅಲ್ಲಿಯವರೆಗೆ ನನ್ನ ಸ್ವಭಾವ ಹೇಗಿತ್ತೆಂದರೆ, ಎದುರಿನವರು ಅರ್ಧ ಮಾತಾಡುವಷ್ಟರಲ್ಲಿ ಉಳಿದರ್ಧವನ್ನು ನಾನೇ ಮುಗಿಸಿಬಿಡುತ್ತಿದ್ದೆ. ಮನೆಯಲ್ಲಿ ಅವ್ವ ಇದಕ್ಕೆ ಬೈಯುತ್ತಿದ್ದಳು. ಕಂಪ್ರೆಸರಿನ ಸದ್ದಿನಲ್ಲಿ ಒಂದು ಬೋಲ್ಟು ಸಡಿಲಾಗಿದ್ದರೆ ನನ್ನ ಕಿವಿಗೆ ತಿಳಿಯುತ್ತಿತ್ತು. ಮನುಷ್ಯರ ದನಿಗೆ ಆ ಕಿವಿ ಕೊಟ್ಟಿರಲಿಲ್ಲ. ಆ ಒಂದು ವಾರ ಅಜ್ಜಿಯ ಜಾಗದಲ್ಲಿ ಹ್ಞೂಂ ಅನ್ನುತ್ತ, ಮಾತು ಎಲ್ಲಿ ಮುಗಿಯುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲುತ್ತದೆ ಎಂಬ ವ್ಯತ್ಯಾಸ ಕಲಿತೆ. ಬೇಗ ಬಂದ ಹ್ಞೂಂ ಕತೆಯನ್ನು ಅವಸರ ಮಾಡುತ್ತದೆ. ತಡವಾದರೆ ಹೇಳುವವರಿಗೆ ತಾವು ಒಬ್ಬರೇ ಎನ್ನಿಸುತ್ತದೆ. ಸರಿಯಾದ ಜಾಗದಲ್ಲಿ ಬಿದ್ದರೆ, ಹೇಳುವವರ ಮುಖದಲ್ಲಿ ಅವರಿಗೇ ಗೊತ್ತಿಲ್ಲದ ಮುಂದಿನ ಮಾತು ಹುಟ್ಟುವುದು ಕಾಣುತ್ತದೆ. ನೀಲಾಳ ಮುಖದಲ್ಲಿ ಅದನ್ನು ನಾನು ಕಂಡೆ. ಕತೆಯನ್ನು ಹೇಳುವವರು ಮಾತ್ರ ಕಟ್ಟುವುದಿಲ್ಲ ಎಂದು ನನಗೆ ತಿಳಿದದ್ದು ಹಾಗೆ.

ನೀಲಾ ನನ್ನ ಹೆಸರು ಕೇಳಿದ್ದು ಆ ವಾರವೇ.

"ಹ್ಞೂಂ ಸಾಹೇಬ್ರ, ಹೆಸರರ ಏನ್ರಿ ನಿಮ್ದು?"

"ಕಾಂತೇಶ" ಎಂದೆ. ನನ್ನ ಅವ್ವ ಕದರಮಂಡಲಗಿಯ ದೇವರಿಗೆ ಹರಕೆ ಹೊತ್ತು ಹಡೆದವನು ನಾನು. ಆ ಕಡೆ ಈ ಹೆಸರೇನೂ ಹೊಸದಲ್ಲ. ಆದರೆ ಕದರಮಂಡಲಗಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಏ ನೀಲಾ, ದಿನಾ ಕರ್ಯಾಕತ್ತಿದ್ದೆಲ್ಲ, ನೋಡಲೇ, ಬಂದು ಬಾಗಲದಾಗ ಕುಂತು ಹ್ಞೂಂ ಅನ್ನಾಕತ್ತಾನ."

ಅದರಲ್ಲಿ ಒಂದು ತೊಡಕಿತ್ತು. ಆ ಊರವರಿಗೆ ಕೂತರೂ ಎದ್ದರೂ ಕಾಂತೇಶನೇ. ಚೀಲ ಎತ್ತಿದರೆ ಕಾಂತೇಶಾ, ಸೀನಿದರೆ ಕಾಂತೇಶಾ. ಮೆಣಸಿನಕಾಯಿ ರಾಶಿಯ ನಡುವೆ ಸೀನಿಗೆ ಬರವೇ? ಪ್ರತಿ ಸೀನಿಗೂ ನಾನು ತಿರುಗಿ ನೋಡುತ್ತಿದ್ದೆ. ಅವರು ನಗುತ್ತಿದ್ದರು. ಬರಬರುತ್ತ ಯಾರ ಸೀನು ಯಾರದು ಎಂದು ತಿಳಿಯಿತು. ಉಳಿದವರ ಸೀನಿಗೆ ತಿರುಗುವುದು ಬಿಟ್ಟೆ. ನೀಲಾಳ ಸೀನಿಗೆ ಬಿಡಲಾಗಲಿಲ್ಲ.

ಮಾಬೂಬಜ್ಜಿ ಮೊಮ್ಮಗಳ ಸುದ್ದಿ ಹೊತ್ತು ಐರಣಿಯಿಂದ ಬಂದರು. ನನ್ನ ಹ್ಞೂಂ ಮುಗಿಯಿತು. ಆದರೂ ಚೀಲ ಒಳಗೆ ಹಾಕಲು ದೊಡ್ಡ ಬಾಗಿಲು ತೆರೆದಾಗ ಹೊರಗೆ ಉರುಳಿ ಬರುವ ತಂಪಿಗೆ ಹೆಂಗಸರೆಲ್ಲ ಮುಖ ಎತ್ತುತ್ತಿದ್ದರು, ಆಗ ನೀಲಾ ನೀರಿನ ಗಡಿಗೆಯ ನೆಪದಲ್ಲಿ ಎದ್ದು ಬರುತ್ತಿದ್ದಳು. ನಾನೂ ನೀರು ಕುಡಿಯಲು ಹೋಗುತ್ತಿದ್ದೆ. ಆ ಹಂಗಾಮಿನಲ್ಲಿ ನಾನು ಕುಡಿದಷ್ಟು ನೀರನ್ನು ಮುಂದೆ ಯಾವ ಬೇಸಿಗೆಯಲ್ಲೂ ಕುಡಿದಿಲ್ಲ.

"ಒಳಗ ಥಂಡಿ ಎಲ್ಲಿಂದ ತರ್ತೀರ್ರಿ?" ಎಂದು ಒಮ್ಮೆ ಕೇಳಿದಳು. ನಾನು ಹೇಳುವ ಮೊದಲೇ ತಲೆಯಲ್ಲಿ ಅದಕ್ಕೊಂದು ಕತೆ ಕಟ್ಟಿಬಿಟ್ಟಿದ್ದಳು. ಮರುದಿನ ಚಪ್ಪರದಲ್ಲಿ ಹೇಳಿದಳು. ಒಬ್ಬ ರಾಜ ಚಳಿಗಾಲವನ್ನೇ ಹಿಡಿದು ತಂದು ಒಂದು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಊರಿನಲ್ಲಿ ಚಳಿಯಿಲ್ಲ, ಇಬ್ಬನಿಯಿಲ್ಲ, ಹಿಂಗಾರಿ ಬೆಳೆ ಬರುವುದಿಲ್ಲ. ಕೋಣೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ, ಅವನಿಗೆ ಒಳಗಿನ ಚಳಿ ಅಳುವುದು ಕೇಳಿಸುತ್ತದೆ. ಎಲ್ಲರೂ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನನಗೆ ಖುಷಿಯಾಗಿತ್ತು. ಖುಷಿಯಲ್ಲಿ ಹಳೆಯ ಸ್ವಭಾವ ಹೊರಗೆ ಬಂತು.

"ಹಂಗಲ್ಲದು. ಥಂಡಿ ಹಿಡದು ಒಳಗ ಹಾಕೂದಲ್ಲ. ಒಳಗಿನ ಬಿಸಿ ತಗದು ಹೊರಗ ಹಾಕೂದು. ಥಂಡಿ ಅನ್ನೂದೊಂದು ಇಲ್ಲ. ಬಿಸಿ ಹೋದ ಮ್ಯಾಲ ಉಳದದ್ದ ಥಂಡಿ."

ನೀಲಾ ನನ್ನನ್ನು ನೋಡಿದಳು. "ಹೌದೇನ್ರಿ?" ಎಂದಳು. ಅಂದು ಕತೆ ಅಲ್ಲಿಗೇ ನಿಂತಿತು.

ಮರುದಿನ ಹೊಸದಾಗಿ ಶುರುಮಾಡಿದಳು. ನಾನು ಬಾಗಿಲಲ್ಲಿ ಕೂತಿದ್ದೆ. "ನಮ್ಮೂರ ದೇವರ ಪಾದಕ್ಕ ಶರಣು, ಕೇಳವರ ಕಿವಿಗೆ ಶರಣು" ಎಂದಳು.

ಕಾಂತೇಶ ಇರಲಿಲ್ಲ.

ಕೇಳಿಸಿಕೊಂಡಿರಲಿಕ್ಕಿಲ್ಲ ಎಂದುಕೊಂಡೆ. ಅದರ ಮರುದಿನವೂ ಅದೇ, ನಮ್ಮೂರ ದೇವರು. ಮಧ್ಯಾಹ್ನ ಸೀನಿದಳು. ನಾನು ತಿರುಗಿದೆ. "ಅವ್ವಾ" ಎಂದಳು. ನೀರಿನ ಗಡಿಗೆಯ ಕಡೆಗೂ ಬರುವುದು ಬಿಟ್ಟಳು. ಹೆಂಗಸರೂ ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು, ಮುಖ ಆ ಕಡೆ ಮಾಡುತ್ತಿದ್ದರು. ಮಾಬೂಬಜ್ಜಿ ಮಾತ್ರ ಒಮ್ಮೆ ದಿಟ್ಟಿಸಿ ನೋಡಿ, ತಲೆ ಅಲ್ಲಾಡಿಸಿ, ತಮ್ಮ ರಾಶಿಗೆ ಬಗ್ಗಿದರು.

ಎಲ್ಲರೆದುರು ಅವಳ ಕತೆ ತಿದ್ದಿದ್ದು ತಪ್ಪಾಯಿತು, ಅವಳಿಗೆ ನನ್ನ ಮೇಲೆ ಎಷ್ಟು ಸಿಟ್ಟೆಂದರೆ ನನ್ನ ಹೆಸರಿದೆ ಎಂಬ ಕಾರಣಕ್ಕೆ ದೇವರನ್ನೂ ಬಿಟ್ಟಳು ಎಂದು ನಾನು ತೀರ್ಮಾನಿಸಿದೆ. ಊರ ದೇವರ ಹೆಸರನ್ನೇ ನುಂಗಿಕೊಳ್ಳುವಷ್ಟು ಸಿಟ್ಟು. ಅದಕ್ಕಿಂತ ದೊಡ್ಡ ಸಿಟ್ಟನ್ನು ನಾನು ಊಹಿಸಲಾರೆ ಎನ್ನಿಸಿತು. ಮುಳ್ಳು ನನಗೆ ತೋರಿಸಿದ್ದು ಅದನ್ನೇ.

ಅದೇ ಹೊತ್ತಿಗೆ ಮಾಲಕರು ಕರೆದು, ಹಾವೇರಿಯಲ್ಲಿ ಹೊಸ ಕೋಲ್ಡ್ ಸ್ಟೋರೇಜು ಶುರುವಾಗುತ್ತಿದೆ, ಬರುವ ವಾರವೇ ಅಲ್ಲಿಗೆ ಹೋಗುತ್ತೀಯಾ ಎಂದು ಕೇಳಿದರು. ಹೋಗುತ್ತೇನೆ ಎಂದೆ. ಶನಿವಾರ ಸಂಜೆ ಚಪ್ಪರದ ಮುಂದೆ ಹಾದು ಬಸ್ಸಿಗೆ ಹೊರಟಾಗ ಯಾರೋ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ನೀಲಾನ್ನ ನೋಡಾಕ ಗುರುವಾರ ಕುಪ್ಪೇಲೂರಿನಿಂದ ಬರಾಕತ್ತಾರಂತ. ಹೊಲಾ ಮನಿ ಐತಂತ."

ನಾನು ನಿಲ್ಲಲಿಲ್ಲ. ರಾಣೆಬೆನ್ನೂರು ಬರುವವರೆಗೂ ಕಿಟಕಿಯ ಹೊರಗೆ ನೋಡಿದೆ. ಏನು ಕಂಡಿತೋ ನೆನಪಿಲ್ಲ.

ಮರುದಿನ ರವಿವಾರ. ಮನೆಯಲ್ಲಿ ನನ್ನ ತಂಗಿ ಶಾಂತಾಳ ಮದುವೆಯ ಓಡಾಟ. ಸೋದರಮಾವನ ಮಗ ಶಿವಾನಂದನಿಗೆ ಅವಳನ್ನು ಕೊಡುವುದೆಂದು ಆಗಷ್ಟೇ ಗಟ್ಟಿಯಾಗಿತ್ತು. ಅವನು ನಮ್ಮ ಓಣಿಯಲ್ಲೇ ಬೆಳೆದವನು. ಶಾಂತಾ ಅವನನ್ನು ಕರೆಯುತ್ತಿದ್ದದ್ದು 'ಶಿವ್ಯಾ' ಎಂದು, ಅದೂ ಓಣಿಯ ಆ ತುದಿಗೆ ಕೇಳುವ ಹಾಗೆ. ಲಗೋರಿಯಲ್ಲಿ ಅವನ ತಲೆಗೆ ಚೆಂಡು ಹೊಡೆದವಳು. ಅಂದು ಅವನು ಊಟಕ್ಕೆ ಬಂದಿದ್ದ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಾನು ಆಗಲೇ ತಟ್ಟೆಯ ಮುಂದಿದ್ದೆ.

"ಅಣ್ಣಾ, ಕರೀ" ಎಂದಳು ಶಾಂತಾ, ರೊಟ್ಟಿ ಬಡಿಯುತ್ತ.

"ಯಾರನ್ನ?"

"ಅವ್ರನ್ನ."

"ಯಾವ ಅವ್ರನ್ನ? ಹೊರಗ ಶಿವ್ಯಾ ಒಬ್ಬನ ಕುಂತಾನ."

"ಅವ್ರನ್ನ" ಎಂದಳು. ಮುಖ ಒಲೆಯ ಕಡೆ. ಕಿವಿ ಕೆಂಪಾಗಿತ್ತು, ಒಲೆಯ ಬಿಸಿಗೋ ಏನೋ.

ಅವ್ವ ನಗತೊಡಗಿದಳು. "ಹೋಗ್ಲಿ ಬಿಡೋ, ಕಾಡಸಬ್ಯಾಡ ಅಕೀನ್ನ. ಶಿವ್ಯಾ ಹೋಗಿ ಅವ್ರಾಗ್ಯಾನ ಈಗ. ಸಂಜಿಮುಂದ ದೀಪಾ ಹಚ್ಚಿ ಓಂ ನಮಃ ಶಿವಾಯ ಅಂತ ಮನಿ ಎತ್ತಿ ಹಿಡೀತಿದ್ಲು. ಮಾತು ಗಟ್ಟಿಯಾದ ದಿನದಿಂದ ತುಟಿ ಅಷ್ಟ ಅಲ್ಲಾಡಸ್ತಾಳ. ಗಂಡಗ ದೇವರ ಹೆಸರಿದ್ರ ದೇವರನ್ನ ಕರಿಯೂದೂ ತ್ರಾಸ ನೋಡು."

ರೊಟ್ಟಿಯ ತುತ್ತು ನನ್ನ ಕೈಯಲ್ಲೇ ಉಳಿಯಿತು.

ಅವ್ವನಿಗೆ ಅದು ನಗೆಯ ಮಾತು. ಮನೆ ಮನೆಯಲ್ಲಿ ಇರುವುದೇ. ನನ್ನ ಅವ್ವನೂ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕಣ್ಣ ಮುಂದೆ ಇದ್ದ ಈ ಸಂಗತಿಯನ್ನು ಒಂದು ವಾರದಿಂದ ತಲೆಕೆಳಗಾಗಿ ಓದುತ್ತಿದ್ದೆ. ನಮ್ಮೂರ ದೇವರು. ಅವ್ವಾ ಎಂಬ ಸೀನು. ಗಡಿಗೆಯ ಕಡೆ ಬಾರದ ಕಾಲು. ಆ ಕಡೆ ತಿರುಗಿಸಿದ ಹೆಂಗಸರ ಮುಖ, ಅವು ನಗು ತಡೆದುಕೊಂಡ ಮುಖಗಳು. ಚಪ್ಪರದಲ್ಲಿ ಎಲ್ಲರಿಗೂ ತಿಳಿದಿತ್ತು. ಯಾರ ಹೆಸರೋ ಅವನಿಗೆ ಮಾತ್ರ ತಿಳಿದಿರಲಿಲ್ಲ.

"ಯಾಕೋ, ಖಾರ ಆತೇನು?" ಎಂದಳು ಅವ್ವ.

"ಇಲ್ಲ" ಎಂದೆ. ಕಣ್ಣಲ್ಲಿ ನೀರಿತ್ತು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬ್ಯಾಡಗಿಗೆ ಬಂದೆ. ಮಾರುಕಟ್ಟೆಯ ದಿನ, ಎತ್ತಿನಗಾಡಿ, ಟ್ರ್ಯಾಕ್ಟರು, ಲಾರಿ, ನಡೆಯಲು ದಾರಿಯಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಚಪ್ಪರದ ಮುಂದೆ ನಿಂತಾಗ ಒಂದೂ ಉಳಿದಿರಲಿಲ್ಲ. ಸ್ಟೂಲು ತಂದು ಬಾಗಿಲಲ್ಲಿ ಇಡಲಿಲ್ಲ. ಚಪ್ಪರದ ಕಂಬದ ಹತ್ತಿರವೇ ಇಟ್ಟು ಕೂತೆ. ನೀಲಾ ತಲೆ ಎತ್ತದೆ ಕಾಯಿಗಳನ್ನು ಮಡಿಲಿಗೆ ಎಳೆದುಕೊಂಡಳು. ಕತೆ ಹೇಳು ಎಂದು ಹೆಂಗಸರು ಕಾಡತೊಡಗಿದರು.

"ನಮ್ಮೂರ ದೇವರ ಪಾದಕ್ಕ ಶರಣು" ಎಂದಳು ಕೊನೆಗೆ. "ಕೇಳವರ ಕಿವಿಗೆ ಶರಣು."

ಈಗ ಮಾಬೂಬಜ್ಜಿ ಹ್ಞೂಂ ಅನ್ನಬೇಕು. ಅಜ್ಜಿ ನನ್ನನ್ನು ನೋಡಿದರು. ತುಟಿ ಬಿಗಿದುಕೊಂಡರು. ಚಟ್ ಚಟ್ ಸದ್ದು ನಿಂತಿತು. ಒಳಗೆ ಕಂಪ್ರೆಸರ್ ಓಡುವುದು ಮಾತ್ರ ಕೇಳುತ್ತಿತ್ತು. ನೀಲಾ ಇನ್ನೇನಾದರೂ ಹೇಳುತ್ತಾಳೋ ಎಂದು ಕಾದೆ. ಉಸಿರಿಗೆ ನಿಂತದ್ದಲ್ಲ, ಮಾತು ಮುಗಿದಿದೆ ಎಂದು ಖಾತ್ರಿ ಮಾಡಿಕೊಂಡೆ.

"ಹ್ಞೂಂ" ಎಂದೆ.

"ಕತಿಗೇನ್ರಿ ಆ ಹ್ಞೂಂ?" ಎಂದರು ಮಾಬೂಬಜ್ಜಿ. "ಇಲ್ಲಾ, ಮತ್ತೇನರ ಐತೇನ್ರಿ?"

"ಎರಡಕ್ಕೂ" ಎಂದೆ.

ಯಾರೂ ಕೂಗಾಡಲಿಲ್ಲ. ಒಬ್ಬಳು ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನೀಲಾ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದಳು. ಆಮೇಲೆ ಕತೆ ಹೇಳತೊಡಗಿದಳು, ಹೋದ ವಾರ ನಿಲ್ಲಿಸಿದ್ದ ರಾಜನ ಕತೆ.

"ಆವಾಗ ಕಾವಲುಗಾರ ರಾಜಗ ಅಂದ, ಮಹಾರಾಜರ, ಒಳಗ ಥಂಡಿ ಇಲ್ರಿ. ನೀವು ಏನೂ ಹಿಡದು ತಂದಿಲ್ಲ. ಒಳಗಿದ್ದ ಬಿಸಿ ಹೊರಗ ಹೋಗೈತ್ರಿ, ಅಷ್ಟ. ಅದು ಎಲ್ಲಿ ಹೋಗೈತಿ ಅಂತ ಹುಡುಕ್ರಿ ಅಂದ." ಅಲ್ಲಿ ನಿಂತು, ಮೊದಲ ಸಲ ತಲೆ ಎತ್ತಿ, "ಹ್ಞೂಂ ಅನ್ನೂದ ಮರತ್ರೇನ್ರಿ?" ಎಂದಳು.

ಕುಪ್ಪೇಲೂರಿನವರು ಬರುವುದು ಗುರುವಾರ. ನಾನು ಮಂಗಳವಾರ ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ, ಅವಳು ಬುಧವಾರವೇ ಕದರಮಂಡಲಗಿಗೆ ಹೋದಳು. ನನ್ನ ಹೆಸರಿನ ಹರಕೆಯ ಕಾಯಿ ಒಡೆಸುವುದು ಉಳಿದಿದೆ ಎಂದು ನೆಪ. ದೇವರ ದರ್ಶನ ಮುಗಿಸಿ, ನೀಲಾಳ ಮನೆ ಕೇಳಿಕೊಂಡು ಹೋಗಿ, ಅಂಗಳದಲ್ಲಿ ಕೂತಳು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಅವ್ವ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ನಿಮ್ಮ ಹುಡುಗ ಏನ ಮಾಡ್ತಾನ್ರಿ?" ಎಂದರಂತೆ ನೀಲಾಳ ಅಪ್ಪ.

"ಥಂಡಿ ಕಾಯ್ತಾನ್ರಿ."

"ಅದಕ್ಕೂ ಪಗಾರ ಕೊಡ್ತಾರೇನ್ರಿ ಈಗ?" ಎಂದು ನಕ್ಕರಂತೆ. ಆಮೇಲೆ ನಗು ನಿಲ್ಲಿಸಿ, ಕುಪ್ಪೇಲೂರಿನವರಿಗೆ ಬರ್ರಿ ಎಂದು ಹೇಳಿಯಾಗಿದೆ, ಹೊಲ ಇದ್ದವರು, ಬ್ಯಾಡ ಅನ್ನಲಿಕ್ಕೆ ಏನು ಕಾರಣ ಕೊಡಲಿ ಎಂದು ಬಹಳ ಹೊತ್ತು ಯೋಚಿಸಿದರಂತೆ. ಕೊನೆಗೆ ಒಳಗಿನ ಬಾಗಿಲ ಕಡೆ ನೋಡಿ, "ಏನವಾ ನೀಲಾ, ಇವರು ಹುಡುಗನ ಹೆಸರು ಏನೋ ಅಂದ್ರಲ್ಲ, ಏನದು?" ಎಂದು ಕೇಳಿದರು. ಮತ್ತೆ ಕೇಳಿದರು. ಒಳಗಿನಿಂದ ಬಳೆಯ ಸದ್ದು ಬಂತು, ಹೆಸರು ಬರಲಿಲ್ಲ. ಅವರು ಹಣೆ ಉಜ್ಜಿಕೊಂಡು, "ಆತು ಬಿಡ್ರಿ. ಕುಪ್ಪೇಲೂರಿಗೆ ನಾನ ಹೋಗಿ ಹೇಳಿ ಬರ್ತೇನಿ" ಎಂದರು. ಇದನ್ನು ಹೇಳುವಾಗಲೆಲ್ಲ ಅವ್ವ ಈ ಜಾಗದಲ್ಲಿ ಸ್ವಲ್ಪ ನಿಲ್ಲುತ್ತಾಳೆ. ನಾನು ಹ್ಞೂಂ ಅಂದ ಮೇಲೆಯೇ ಮುಂದಕ್ಕೆ ಹೋಗುವುದು.

ಮಾಲಕರಿಗೆ ಹೇಳಿ ಹಂಗಾಮು ಮುಗಿಯುವವರೆಗೆ ಬ್ಯಾಡಗಿಯಲ್ಲೇ ಉಳಿದೆ. ವೈಶಾಖದಲ್ಲಿ ಕದರಮಂಡಲಗಿಯಲ್ಲೇ ಮದುವೆಯಾಯಿತು. ನಮ್ಮ ಕಡೆ ಮದುವೆಯಲ್ಲಿ ಮದುಮಗಳು ಒಡಪು, ಅಂದರೆ ಪ್ರಾಸದ ಮಾತು, ಹಾಕಿ ಗಂಡನ ಹೆಸರು ಹೇಳಬೇಕು, ಆ ಒಂದು ಸಲಕ್ಕೆ ವಿನಾಯಿತಿ ಇರುತ್ತದೆ. ಚಪ್ಪರದ ಹೆಂಗಸರೆಲ್ಲ ಬಂದಿದ್ದರು. ಕತೆಗಾತಿಯ ಒಡಪೆಂದು ಎಲ್ಲರೂ ಕಿವಿ ಚಾಚಿದರು. ನೀಲಾ ತಲೆ ತಗ್ಗಿಸಿಯೇ ಹೇಳಿದಳು.

"ಬ್ಯಾಡಗಿ ಕಾಯಿಗೆ ಬಣ್ಣ ಛಂದ, ತುಂಬು ಬಿಡಿಸಿದ ಕೈಗೆ ಬಳಿ ಛಂದ. ಗುಡಿಯಾಗ ಕುಂತವನ ಹೆಸರ ನೀವ ಅಂದ್ಕೊಳ್ರಿ, ನನ್ನ ಬಾಯಾಗ ಅವ್ರು ಅನ್ನೂದ ಛಂದ."

"ಇದು ಮೋಸ" ಎಂದರು ಮಾಬೂಬಜ್ಜಿ. ಆದರೆ ಹೆಚ್ಚು ನಕ್ಕವರು ಅವರೇ.

ಮಳೆಗಾಲದಲ್ಲಿ ನಾವು ಹಾವೇರಿಗೆ ಬಂದೆವು. ಇಲ್ಲಿಯೇ ಇದ್ದೇವೆ. ನೀಲಾ ಈಗ ಒಂದು ಅಂಗನವಾಡಿಯಲ್ಲಿ ಮಕ್ಕಳಿಗೆ ಕತೆ ಹೇಳುತ್ತಾಳೆ, ಮಕ್ಕಳು ಹ್ಞೂಂ ಅನ್ನುತ್ತಾರೆ, ನಡುನಡುವೆ ಅನ್ನುತ್ತಾರೆ. ಅವರಿಗೂ ಕಲಿಸುತ್ತಾಳೆ. ಚಳಿಯನ್ನು ಕೂಡಿಹಾಕಿದ ರಾಜನ ಕತೆ ಬೆಳೆದು ಬೆಳೆದು ಈಗ ಕಾವಲುಗಾರನಿಗೆ ಹೆಂಡತಿಯೂ ಇದ್ದಾಳೆ. ಮನೆಯಲ್ಲಿ ನಾನು 'ರೀ', 'ಅವ್ರು', ಸಿಟ್ಟು ಬಂದಾಗ 'ಇದ್ದಾರಲ್ಲ ಒಬ್ಬರು'. ಗುಡಿಗೆ ಹೋದರೆ ಗಂಟೆ ಬಾರಿಸಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ, ತುಟಿ ಮಾತ್ರ ಅಲ್ಲಾಡುತ್ತದೆ. ಇಷ್ಟು ವರ್ಷಗಳಲ್ಲಿ ಆ ಬಾಯಿಂದ ನನ್ನ ಹೆಸರು ಕೇಳಿಲ್ಲ. ಬೇಕೆನ್ನಿಸಿಯೂ ಇಲ್ಲ. ಆ ಹಂಗಾಮಿನ ಮೊದಮೊದಲು ದಿನಕ್ಕೆ ಎಷ್ಟೋ ಸಲ ಕೇಳಿದ್ದೆ, ಆಗ ಅದು ನನ್ನದಾಗಿರಲಿಲ್ಲ.

ಕೆಂಪು ದೀಪ ಆರಿತು. ಪಕ್ಕದಲ್ಲಿದ್ದ ಬ್ಯಾಡಗಿಯ ಹೆಂಗಸು ನನಗಿಂತ ಮೊದಲು ನೋಡಿ, "ಏಳ್ರಿ ಅಣ್ಣಾರ" ಎಂದಳು. ಬಾಗಿಲು ತೆರೆದಾಗ ಒಳಗಿನ ತಂಪು ನನ್ನ ಮುಖಕ್ಕೆ ಬಂತು. ಡಾಕ್ಟರು ಹೊರಗೆ ಬಂದು, ಎಲ್ಲ ಛಲೋ ಆಗಿದೆ ಎಂದರು. ನೀಲಾಳನ್ನು ಗಾಲಿಮಂಚದ ಮೇಲೆ ತಂದರು. ಮುಖ ಬಿಳಿಚಿಕೊಂಡಿತ್ತು. ಓಲೆಯಿಲ್ಲದ ಕಿವಿ ಚಿಕ್ಕ ಹುಡುಗಿಯದರಂತೆ ಕಂಡಿತು. ನರ್ಸು ಅವಳ ಕೆನ್ನೆ ತಟ್ಟಿ, "ಅಕ್ಕಾರ, ಎಚ್ಚರಾತೇನ್ರಿ? ಕಣ್ಣ ತಗೀರಿ" ಎಂದಳು.

ಕಣ್ಣು ತೆರೆಯಲಿಲ್ಲ. ತುಟಿ ಅಲ್ಲಾಡಿತು. ಈ ಸಲ ಅದರ ಜೊತೆ ದನಿಯೂ ಬಂತು.

"ಕಾಂತೇಶಾ."

"ದೇವರನ್ನ ಕರ್ಯಾಕತ್ತಾರ್ರಿ" ಎಂದಳು ನರ್ಸು. ಬೆಳಿಗ್ಗೆ ಬರೆದುಕೊಂಡ ಹೆಸರು ಅವಳಿಗೆ ನೆನಪಿರಲಿಲ್ಲ.

ಇರಬಹುದು. ಮದ್ದಿನ ಮಬ್ಬಿನಲ್ಲಿ ಅವಳು ತನ್ನೂರಿನ ಗುಡಿಯ ಮುಂದೆ ನಿಂತಿದ್ದಿರಬಹುದು. ಅಥವಾ ತಗಡಿನ ಚಪ್ಪರದಲ್ಲಿ ಕೂತು ಸೀನಿದ್ದಿರಬಹುದು. ಯಾರನ್ನು ಎಂದು ನಾನು ಆಮೇಲೂ ಕೇಳಿಲ್ಲ, ಅವಳಿಗೆ ನೆನಪೂ ಇಲ್ಲ. ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ. ಇನ್ನೇನಾದರೂ ಇದೆಯೋ, ಮಾತು ಮುಗಿಯಿತೋ ಎಂದು ಕಾದೆ.

ಆಮೇಲೆ "ಹ್ಞೂಂ" ಎಂದೆ.